ಅರ್ಧ ಪರದೆ ಓಡಿತು, ಅರ್ಧ ನಿಂತಿತು

ಹೋದ ವಾರ ಊರಲ್ಲಿದ್ದೆ. ರಾತ್ರಿ ಹನ್ನೊಂದಕ್ಕೆ ಫೋನ್ ಬಂತು, ನಮ್ಮ ಸರ್ವರ್ ನಿಂತುಹೋಗಿದೆ ಅಂತ. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡು ಲ್ಯಾಪ್‌ಟಾಪ್ ತೆಗೆದೆ. ಸಿಗ್ನಲ್ ಒಂದೇ ಕಡ್ಡಿ. ಆದರೂ ಟರ್ಮಿನಲ್‌ನ ಮೇಲಿನ ಅರ್ಧದಲ್ಲಿ ಲಾಗ್ ಸಾಲುಗಳು ಸರಸರ ಓಡ್ತಾ ಇದ್ದವು. ಕೆಳಗಿನ ಅರ್ಧದಲ್ಲಿ ನಾನು ಟೈಪ್ ಮಾಡಿದ್ದು ಕದಲದೆ ನಿಂತಿತ್ತು. ಇದು ಹೇಗೆ ಸಾಧ್ಯ? ಇವತ್ತಿನ ಕಥೆ ಅದೇ.

1963ರಲ್ಲಿ ಬಂದ ಟೆಲಿಟೈಪ್ ಮಾಡೆಲ್ 33ಕ್ಕೆ ಪರದೆಯೇ ಇರಲಿಲ್ಲ. ಸೆಕೆಂಡಿಗೆ 10 ಅಕ್ಷರದಂತೆ ಕಾಗದದ ಸುರುಳಿ ಮೇಲೆ ಕಟಕಟ ಅಂತ ಹೊಡೀತಿತ್ತು. ನಿಧಾನ ಹೌದು, ಆದರೆ ಹೊಡೆದದ್ದು ಉಳೀತಿತ್ತು. ಹಿಂದಿನದು ಬೇಕಾದರೆ ಕಾಗದ ಎತ್ತಿ ನೋಡಿದರಾಯ್ತು.

ಗಾಜಿನ ಪರದೆ ಬಂದಾಗ ಸದ್ದು ಹೋಯ್ತು, ಜೊತೆಗೆ ನೆನಪೂ ಹೋಯ್ತು. ಪರದೆ ತುಂಬಿದ ಮೇಲೆ ಮೊದಲ ಸಾಲು ಹೋಯ್ತು ಅಂದ್ರೆ ಹೋಯ್ತು! ಅದಕ್ಕೇ 1978ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡೇನಿಯಲ್ ಹಾಲ್ಬರ್ಟ್ 'ಮೋರ್' ಅನ್ನೋ ಪ್ರೋಗ್ರಾಮ್ ಬರೆದರು. ಅದು ಒಂದು ಪರದೆ ತೋರಿಸಿ, ನೀವು ಓದಿ ಕೀಲಿ ಒತ್ತೋವರೆಗೂ ಕಾಯುತ್ತೆ.

ಇನ್ನೊಂದು ತೊಂದರೆ ವೇಗದ್ದು. ಆಗಿನ 300 ಬಾಡ್ ಮೋಡೆಮ್‌ನಲ್ಲಿ ಸೆಕೆಂಡಿಗೆ 30 ಅಕ್ಷರ. 24 ಸಾಲು, ಸಾಲಿಗೆ 80 ಅಕ್ಷರ ಅಂದ್ರೆ ತುಂಬಿದ ಪರದೆಗೆ 1920 ಅಕ್ಷರ. ಇಡೀ ಪರದೆ ಒಂದು ಸಾಲು ಮೇಲೆ ಸರಿಸೋದು ಸುಲಭ, ಟರ್ಮಿನಲ್ಲೇ ಮಾಡಿಕೊಳ್ತಿತ್ತು. ಆದರೆ ಮೇಲಿನ 12 ಸಾಲು ಮಾತ್ರ ಸರೀಬೇಕು ಅಂದ್ರೆ? ಎಷ್ಟೋ ಟರ್ಮಿನಲ್‌ಗಳಿಗೆ ಅದು ಗೊತ್ತಿರಲಿಲ್ಲ. ಆ 12 ಸಾಲನ್ನೂ ಮತ್ತೆ ಕಳಿಸಬೇಕು. ಲೆಕ್ಕ ಹಾಕಿ, 32 ಸೆಕೆಂಡ್. ಒಂದೇ ಒಂದು ಹೊಸ ಸಾಲಿಗೆ!

ಅದೇ 1978ರಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ವಿಟಿ100 ಟರ್ಮಿನಲ್ ತಂತು. ಅದರಲ್ಲಿ 'ಸ್ಕ್ರಾಲಿಂಗ್ ರೀಜನ್' ಅಂತ ಒಂದು ಸೌಲಭ್ಯ. ಎಷ್ಟನೇ ಸಾಲಿಂದ ಎಷ್ಟನೇ ಸಾಲಿನವರೆಗೆ ಅಂತ ಎರಡು ಅಂಕಿ ಹೇಳಿದರೆ, ಅಷ್ಟು ಮಾತ್ರ ಸರಿಯುತ್ತೆ, ಉಳಿದದ್ದು ಅಲುಗಲ್ಲ. ದೂರದ ಕಂಪ್ಯೂಟರ್ ಹೊಸ ಸಾಲೊಂದನ್ನ ಕಳಿಸಿದರೆ ಸಾಕು. 32 ಸೆಕೆಂಡಿನ ಕೆಲಸ ಮೂರು ಸೆಕೆಂಡೊಳಗೆ ಮುಗೀತು. ಕೊರತೆ ಇಲ್ಲ ಅಂತಲ್ಲ. ಮೇಲೆ-ಕೆಳಗಿನ ಅಂಚು ಹೇಳಬಹುದಿತ್ತು, ಎಡ-ಬಲದ್ದು ಆಗ್ತಿರಲಿಲ್ಲ. ಹಾಗಾಗಿ ಪಕ್ಕಪಕ್ಕದ ವಿಂಡೋಗಳಿಗೆ ಮತ್ತೆ ಬರೆಯೋ ಪಾಡು ತಪ್ಪಲಿಲ್ಲ.

ವಿಟಿ100 ಈಗ ಮ್ಯೂಸಿಯಂ ಸೇರಿದೆ. ಆದರೆ ಅದರ ಆ ಆಜ್ಞೆ ಇವತ್ತಿನ ಟರ್ಮಿನಲ್ ಪ್ರೋಗ್ರಾಮ್‌ಗಳಿಗೂ ಅರ್ಥವಾಗುತ್ತೆ. ಎದುರಿಗೆ ಈಗಾಗಲೇ ಇರೋದನ್ನ ಮತ್ತೆ ಕಳಿಸಬೇಡ ಅನ್ನೋ ಆ ಜಿಪುಣತನವೇ ಒಂದು ಕಡ್ಡಿ ಸಿಗ್ನಲ್‌ನಲ್ಲಿ ನನ್ನನ್ನ ಕಾಪಾಡಿದ್ದು. ಓಡ್ತಿದ್ದ ಸಾಲುಗಳ ಮಧ್ಯೆ ಕಾರಣ ಕಾಣಿಸ್ತು, ಡಿಸ್ಕ್ ತುಂಬಿಹೋಗಿತ್ತು. ಜಾಗ ಮಾಡಿಕೊಟ್ಟು, ಹನ್ನೆರಡೂವರೆಗೆ ಮಲಗಿದೆ.

ಮುಂದಿನ ವಾರ ಮತ್ತೆ ಸಿಗೋಣ.