ನಾಗ್ಪುರದ ಜುನಾಪಾಣಿ: ಕಲ್ಲಿನ ವೃತ್ತದೊಳಗೆ ಕುದುರೆ ಸಮೇತ ಮಲಗಿದವರು ಯಾರು?

ಪುರಾತನ ರಾಜಸಮಾಧಿ ಎಂದರೆ ಥಟ್ಟನೆ ನೆನಪಾಗುವುದು ಚೀನಾ. ಅಲ್ಲಿನ ಆನ್ಯಾಂಗ್‌ನಲ್ಲಿ 1976ರಲ್ಲಿ ಸಿಕ್ಕ ರಾಣಿ ಫೂ ಹಾವೋ ಸಮಾಧಿ ಸುಮಾರು 3,200 ವರ್ಷ ಹಳೆಯದು. ಕಳ್ಳರ ಕೈಗೆ ಸಿಗದೆ ಉಳಿದಿದ್ದ ಅದರಲ್ಲಿ ನೂರಾರು ಕಂಚಿನ ಪಾತ್ರೆ, ಜೇಡ್ ಕಲ್ಲಿನ ವಸ್ತುಗಳು ಮತ್ತು ಸಾವಿರಾರು ಕವಡೆಗಳಿದ್ದವು. ಆದರೆ ಸಮಾಧಿಗಳ ಕುತೂಹಲಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ನಾಗ್ಪುರದ ಸದರ್ ಬಡಾವಣೆಯಿಂದ ಕಾಟೋಲ್ ರಸ್ತೆಯ ಕಡೆ ಕೆಲವೇ ಕಿಲೋಮೀಟರ್ ಸಾಗಿದರೆ ಜುನಾಪಾಣಿ ಸಿಗುತ್ತದೆ. ಇಲ್ಲಿರುವುದು ಸುಮಾರು 300 ಶಿಲಾವೃತ್ತಗಳು.

ಏನಿದು ಶಿಲಾವೃತ್ತ?

ದೊಡ್ಡ ಗುಂಡುಕಲ್ಲುಗಳನ್ನು ವೃತ್ತಾಕಾರವಾಗಿ ಜೋಡಿಸಿ, ಒಳಗೆ ಮಣ್ಣು ಮತ್ತು ಸಣ್ಣ ಕಲ್ಲುಗಳನ್ನು ತುಂಬಿದ ಸಮಾಧಿ ಇದು. ಇಂಥವನ್ನು ಬೃಹತ್ ಶಿಲಾ ಸಮಾಧಿ ಎನ್ನುತ್ತಾರೆ. ವಿದರ್ಭದ ಈ ಸಮಾಧಿಗಳು ಕ್ರಿ.ಪೂ. ಮೊದಲ ಸಹಸ್ರಮಾನದವು, ಅಂದರೆ ಕಬ್ಬಿಣ ಯುಗದವು. ಜುನಾಪಾಣಿಯ ಕೆಲವು ಕಲ್ಲುಗಳ ಮೇಲೆ ಬಟ್ಟಲಿನಂಥ ಸಣ್ಣ ಗುಳಿಗಳನ್ನು ಸಾಲಾಗಿ ಕೊರೆಯಲಾಗಿದೆ.

ಉತ್ಖನನದಲ್ಲಿ ಸಿಕ್ಕಿದ್ದೇನು?

ಬ್ರಿಟಿಷ್ ಅಧಿಕಾರಿ ರಿವೆಟ್-ಕಾರ್ನಾಕ್ 1867ರಲ್ಲಿ ಇಲ್ಲಿ ಮೊದಲು ಅಗೆಸಿದರು. ಆಗ ಸಿಕ್ಕ ಕಬ್ಬಿಣದ ವಸ್ತುಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು. 1961-62ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಬಿ.ಕೆ. ಥಾಪರ್ ಮತ್ತೆ ಉತ್ಖನನ ಕೈಗೊಂಡರು. ಮನುಷ್ಯರ ಅವಶೇಷಗಳ ಜೊತೆಗೆ ಕುದುರೆ ಜಾತಿಯ ಪ್ರಾಣಿಯ ಮೂಳೆ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಲಕರಣೆಗಳು ಹೊರಬಂದವು.

ಸಮೀಪದ ಮಾಹುರ್ಝರಿಯಲ್ಲಿ 1970ರ ದಶಕದ ಆರಂಭದಲ್ಲಿ ಎಸ್.ಬಿ. ದೇವ್ ನೇತೃತ್ವದ ಉತ್ಖನನದಲ್ಲಿ ಕುದುರೆಯ ಮೂಳೆಗಳ ಮೇಲೆ ಕತ್ತರಿಸಿದ ಗುರುತುಗಳು ಕಂಡವು. ಒಡೆಯ ಸತ್ತಾಗ ಕುದುರೆಯನ್ನೂ ಬಲಿಕೊಟ್ಟು ಹೂಳುತ್ತಿದ್ದರು ಎಂಬ ಅಭಿಪ್ರಾಯಕ್ಕೆ ಇದೇ ಆಧಾರ. ಕುದುರೆಗೆ ತೊಡಿಸುವ ತಾಮ್ರದ ಆಭರಣಗಳೂ ಅಲ್ಲಿ ದೊರೆತಿವೆ. ಇನ್ನು ನಾಯಕುಂಡದಲ್ಲಿ ಕಬ್ಬಿಣ ಕರಗಿಸುವ ಕುಲುಮೆಯೇ ಪತ್ತೆಯಾಯಿತು. ಅಂದರೆ ಈ ಜನರು ಕಬ್ಬಿಣವನ್ನು ಇಲ್ಲೇ ತಯಾರಿಸುತ್ತಿದ್ದರು.

ಕರ್ನಾಟಕದ ನಂಟು

ಕನ್ನಡಿಗರಿಗೆ ಇಂಥ ಸಮಾಧಿಗಳು ಹೊಸತಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಮೇಲೆ ಕಲ್ಲುಚಪ್ಪಡಿಗಳಿಂದ ಕಟ್ಟಿದ ಮನೆಯಂಥ ನೂರಾರು ರಚನೆಗಳಿದ್ದು, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನ ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿಯ ಕಾಲಕ್ರಮ ಗುರುತಿಸಲು ನೆರವಾಯಿತು. ಕಪ್ಪು-ಕೆಂಪು ಮಡಕೆ ಮತ್ತು ಕಬ್ಬಿಣ ಎರಡೂ ಕಡೆ ಸಿಗುತ್ತವೆ. ವಿದರ್ಭದ ವಿಶೇಷವೆಂದರೆ ಕುದುರೆ.

ಹೆಸರಿಲ್ಲದ ಸಮಾಧಿ

ಫೂ ಹಾವೋ ಯಾರೆಂದು ತಿಳಿದದ್ದು ಕಂಚಿನ ಪಾತ್ರೆಗಳ ಮೇಲೆ ಆಕೆಯ ಹೆಸರಿದ್ದುದರಿಂದ. ಜುನಾಪಾಣಿಯಲ್ಲಿ ಬರಹವಿಲ್ಲ. ಹೀಗಾಗಿ ಇಲ್ಲಿ ಮಲಗಿದವರು ರಾಜರೋ, ಕುಲದ ಮುಖಂಡರೋ, ಯೋಧರೋ ಎಂದು ಖಚಿತವಾಗಿ ಹೇಳಲಾಗದು. ಎಲ್ಲರಿಗೂ ಕುದುರೆ, ಆಭರಣ ಸಿಕ್ಕಿಲ್ಲವಾದ್ದರಿಂದ ಸಮಾಜದಲ್ಲಿ ಮೇಲು-ಕೀಳು ಇತ್ತೆಂದು ಮಾತ್ರ ಊಹಿಸಬಹುದು.

ಈ ಊಹೆಗೆ ಆಧಾರ ಒಂದೇ: ಯಾವ ವಸ್ತು ಎಲ್ಲಿ, ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿತ್ತು ಎಂಬ ದಾಖಲೆ. ಹೆಸರು ಕೆತ್ತಿದ ಪಾತ್ರೆಯನ್ನು ಬೇರೆಡೆ ಒಯ್ದರೂ ಅದು ಅಷ್ಟಿಷ್ಟು ಮಾತನಾಡೀತು. ಆದರೆ ಬರಹವಿಲ್ಲದ ಗುಂಡುಕಲ್ಲನ್ನು ಹೊಲ ಹಸನು ಮಾಡಲೋ, ಕಟ್ಟಡಕ್ಕೋ ಎತ್ತಿ ಒಯ್ದರೆ ಅದು ಬರೀ ಕಲ್ಲು.

ರಾಷ್ಟ್ರೀಯ ಮಹತ್ವದ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು 2010ರಲ್ಲಿ ತಿದ್ದುಪಡಿಯಾದ ಕಾಯ್ದೆ ಹೇಳುತ್ತದೆ. ಆದರೆ ಪಟ್ಟಿಗೆ ಸೇರದ ವೃತ್ತಗಳಿಗೆ ಈ ರಕ್ಷಣೆ ಇಲ್ಲ. ವಿದರ್ಭವಿರಲಿ, ಕರ್ನಾಟಕವಿರಲಿ, ಹೊಲದಂಚಿನಲ್ಲಿ ವೃತ್ತಾಕಾರದ ಕಲ್ಲುಗಳು ಕಂಡರೆ ಅವನ್ನು ಅಲುಗಾಡಿಸದೆ ಪುರಾತತ್ವ ಇಲಾಖೆಗೆ ತಿಳಿಸುವುದು ಒಳಿತು.