ಅರ್ಧ ಶಕ್ತಿಯ ನಿತ್ಯಸಾಧನೆ

‘ವ್ಯಾಯಾಮ’ ಎಂಬ ಮಾತು ನಮಗೆ ಸಂಸ್ಕೃತದಿಂದ ಬಂದುದು. ಚಾಚುವುದು, ಹಿಗ್ಗಿಸುವುದು ಎಂಬ ಅರ್ಥ ಅದರ ಧಾತುವಿನಲ್ಲಿಯೇ ಇದೆ. ‘ಕಸರತ್ತು’ ಅರಬ್ಬಿಯಿಂದ ಹೊರಟು ಹಿಂದೂಸ್ತಾನಿಯ ಮೂಲಕ ನಮ್ಮಲ್ಲಿಗೆ ಬಂದ ಮಾತು. ಹೆಚ್ಚಳ, ಬಾಹುಳ್ಯ ಎಂಬುದು ಅದರ ಮೂಲಾರ್ಥ. ಒಂದನ್ನೇ ಬಹಳ ಸಲ ಮಾಡುವುದು ಕಸರತ್ತಾಯಿತು. ಇನ್ನು ‘ಅಂಗಸಾಧನೆ’ ಎಂಬ ಮಾತಿನಲ್ಲಿ ಸಾಧನೆಯೇ ಕುಳಿತಿದೆ. ಸಂಗೀತಗಾರನು ಬೆಳಗಿನ ಜಾವ ಎದ್ದು ಶ್ರುತಿ ಹಿಡಿದು ಮಾಡುವ ಸಾಧನೆ ಎಂಥದೋ ಇದೂ ಅಂಥದೇ. ಕನ್ನಡ ಪಾಠ ಹೇಳಿಕೊಂಡು ಬಂದ ನನಗೆ ಈ ಮಾತುಗಳಲ್ಲಿ ಒಂದು ವಿವೇಕ ಕಾಣುತ್ತದೆ. ವ್ಯಾಯಾಮವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಉಬ್ಬಿದ ತೋಳು, ಎತ್ತಿದ ಭಾರ, ಗೆದ್ದ ಪಂದ್ಯ. ಭಾಷೆಯಾದರೋ ಬಲದ ಮಾತಿಗಿಂತ ಮತ್ತೆ ಮತ್ತೆ ಮಾಡುವುದರ ಮಾತನ್ನೇ ಹೆಚ್ಚಾಗಿ ಆಡುತ್ತದೆ. ಭಾಷೆ ಹೇಳಿದ್ದು ಸರಿ ಎಂಬುದಕ್ಕೆ ಚರಿತ್ರೆ ಹೇಗೆ ಸಾಕ್ಷಿ ನುಡಿದಿದೆ ಎಂಬುದನ್ನು ಇಲ್ಲಿ ವಿವರಿಸಬೇಕೆಂದಿದ್ದೇನೆ.

ಮೊದಲು ನಮ್ಮ ಪ್ರಾಚೀನ ವೈದ್ಯರನ್ನು ಕೇಳೋಣ. ದಿನದಿನವೂ ವ್ಯಾಯಾಮ ಮಾಡಬೇಕು, ಆದರೆ ತನ್ನ ಬಲದ ಅರ್ಧದಷ್ಟನ್ನು ಮಾತ್ರ ಬಳಸಬೇಕು ಎಂಬುದು ಸುಶ್ರುತನ ಅಭಿಪ್ರಾಯ. ಅರ್ಧ ಬಲವೆಂದರೆ ಎಷ್ಟು? ಎದೆಯ ಉಸಿರು ಬಾಯಿಗೆ ಬರುವಷ್ಟು ಎಂದು ಅವನೇ ಗುರುತನ್ನೂ ಹೇಳಿದ್ದಾನೆ. ವಾಗ್ಭಟನದೂ ಇದೇ ಮತ. ಬಲಶಾಲಿಗಳೂ ಚಳಿಗಾಲದಲ್ಲಿ, ವಸಂತದಲ್ಲಿ ಅರ್ಧ ಶಕ್ತಿಯಿಂದ ಮಾಡಬೇಕು, ಉಳಿದ ಋತುಗಳಲ್ಲಿ ಇನ್ನೂ ಮೃದುವಾಗಿ ಮಾಡಬೇಕು ಎನ್ನುತ್ತಾನೆ. ಮಿತಿಮೀರಿದವನ ಪಾಡು ಆನೆಯನ್ನು ಎಳೆಯಲು ಹೋದ ಸಿಂಹದ ಪಾಡೆಂದು ಎಚ್ಚರಿಸುತ್ತಾನೆ. ಸಾಧಾರಣ ವ್ಯಾಯಾಮಕ್ಕೆ ಇಂದಿನ ವೈದ್ಯರು ಹೇಳುವ ಅಳತೆ ಏನು ಗೊತ್ತೆ? ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು! ಸುಶ್ರುತನ ಗುರುತಿಗೂ ಇದಕ್ಕೂ ದೂರವೇನಿಲ್ಲ.

ಪ್ರಮೇಹದ ಚಿಕಿತ್ಸೆಯಲ್ಲಿ ಸುಶ್ರುತ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಉಳ್ಳವನಾದ ರೋಗಿಗೆ ಅವನು ವಿಧಿಸುವುದು ಮಲ್ಲಯುದ್ಧ, ಆಟ, ಸವಾರಿ, ಶಸ್ತ್ರಾಭ್ಯಾಸ. ಇಲ್ಲದವನು ಪಾದರಕ್ಷೆ, ಕೊಡೆಗಳನ್ನು ಬಿಟ್ಟು, ಭಿಕ್ಷಾನ್ನ ಉಂಡು, ನೂರು ಯೋಜನ ನಡೆಯಬೇಕು. ಇಲ್ಲವೇ ಬಾವಿ ತೋಡಬೇಕು. ಈ ವಿಧಿಯನ್ನು ಓದಿ ನಗುವವರುಂಟು. ನನಗೆ ಕಾಣುವುದು ಬೇರೆ. ಕಾಸು ಕೊಟ್ಟು ಕೊಳ್ಳಬೇಕಾದ ಔಷಧವಲ್ಲ ಇದು. ಕಾಲಿದ್ದವರಿಗೆಲ್ಲ ದೊರಕುವಂಥದು ಎಂದು ಅವನು ಕಂಡುಕೊಂಡಿದ್ದ.

ಆದರೆ ನಮ್ಮ ನಾಡಿನಲ್ಲಿ ಅಂಗಸಾಧನೆ ಬಹುಕಾಲ ಉಳಿದದ್ದು ಗರಡಿಮನೆಗಳಲ್ಲಿ. ಹನ್ನೆರಡನೆಯ ಶತಮಾನದ ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ಮೈಸೂರಿನ ಗರಡಿಗಳೂ ದಸರಾ ಕುಸ್ತಿಯೂ ಲೋಕಪ್ರಸಿದ್ಧ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರ ಯೋಗಶಾಲೆ ಆರಂಭವಾಯಿತು. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೂ ಗರಡಿಯ ಕೆಮ್ಮಣ್ಣು ಮೆತ್ತಿದ್ದು ಕೆಲವೇ ತರುಣರ ಮೈಗೆ. ಉಳಿದವರಿಗೆ, ಅದರಲ್ಲೂ ಹೆಂಗಸರಿಗೆ, ಅಂಗಸಾಧನೆಯೇ ಇರಲಿಲ್ಲವೆ? ಇತ್ತು, ಅದಕ್ಕೆ ಆ ಹೆಸರು ಮಾತ್ರ ಇರಲಿಲ್ಲ. ನನ್ನ ಬಾಲ್ಯದ ಹಳ್ಳಿಯಲ್ಲಿ ನಮ್ಮ ತಾಯಿ ಬೀಸುಕಲ್ಲಿನ ಗೂಟ ಹಿಡಿದದ್ದನ್ನೂ ಬಾವಿಯಿಂದ ನೀರು ಸೇದಿದ್ದನ್ನೂ ಯಾರೂ ವ್ಯಾಯಾಮವೆಂದು ಕರೆಯಲಿಲ್ಲ. ಅದು ದುಡಿಮೆ, ಎಷ್ಟೋ ಸಲ ಅರ್ಧ ಶಕ್ತಿಯನ್ನು ಮೀರಿ ಮೈ ಮುರಿಯುತ್ತಿದ್ದ ದುಡಿಮೆ. ಅದು ಮರಳಿ ಬರಲೆಂದು ನಾನು ಹಾರೈಸಲಾರೆ. ಹಿಟ್ಟಿನ ಗಿರಣಿ, ನಲ್ಲಿ, ಮಿಕ್ಸಿ ಇವೆಲ್ಲ ಹೆಂಗಸರಿಗೆ ಸಿಕ್ಕ ಬಿಡುಗಡೆ. ಆದರೆ ದುಡಿಮೆ ಮನೆಯಿಂದ ಹೊರಟಾಗ ಅದರ ಜತೆಗೆ ದೇಹದ ನಿತ್ಯದ ಚಲನೆಯೂ ಹೊರಟುಹೋಯಿತು. ಹೋದದ್ದು ಏನೆಂಬುದು ಜಗತ್ತಿಗೆ ತಿಳಿಯುವುದಕ್ಕೆ ಕಾಲ ಹಿಡಿಯಿತು.

ತಿಳಿದವರು ಹಿಂದೆ ಇರಲಿಲ್ಲವೆಂದಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜೀನಿ 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತು ಒಂದು ಗ್ರಂಥ ಪ್ರಕಟಿಸಿದ. ದಿನವೆಲ್ಲ ಬಾಗಿ ಕುಳಿತು ದುಡಿಯುವ ದರ್ಜಿಗಳ ಮತ್ತು ಚಮ್ಮಾರರ ದೇಹಸ್ಥಿತಿಯನ್ನು ಅದರಲ್ಲಿ ವರ್ಣಿಸಿ, ಅವರು ಬಿಡುವಿನ ದಿನಗಳಲ್ಲಾದರೂ ಮೈ ಬಳಸಲಿ ಎಂದು ಸಲಹೆಯಿತ್ತ. ಆದರೆ ಅದು ಅನುಭವಿ ವೈದ್ಯನೊಬ್ಬನ ಮಾತು. ಲೆಕ್ಕ ಹಾಕಿ ತೋರಿಸುವ ಕೆಲಸ ಎರಡೂವರೆ ಶತಮಾನ ಕಾಯಬೇಕಾಯಿತು. ಅದು ನಡೆದದ್ದು ಆಸ್ಪತ್ರೆಯ ವಾರ್ಡಿನಲ್ಲಲ್ಲ, ಲಂಡನ್ನಿನ ಬಸ್ಸುಗಳಲ್ಲಿ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಹೃದ್ರೋಗ ಹೆಚ್ಚುತ್ತಿರುವುದು ವೈದ್ಯರ ಗಮನಕ್ಕೆ ಬಂದಿತ್ತು. ಕಾರಣ ಮಾತ್ರ ಸ್ಪಷ್ಟವಿರಲಿಲ್ಲ. ಜೆರ್ರಿ ಮಾರಿಸ್ ಎಂಬ ವೈದ್ಯರು ತಮ್ಮ ಸಂಗಡಿಗರೊಡನೆ ಲಂಡನ್ ಸಾರಿಗೆಯ 35ರಿಂದ 64 ವಯಸ್ಸಿನ ಸುಮಾರು 31,000 ನೌಕರರ ದಾಖಲೆಗಳನ್ನು ಪರಿಶೀಲಿಸಿದರು. ಒಂದು ಕಾಲಕ್ಕೆ ಬೆಂಗಳೂರಿನಲ್ಲಿ ಓಡುತ್ತಿದ್ದ ಎರಡಂತಸ್ತಿನ ಬಸ್ಸುಗಳನ್ನು ಕಂಡವರಿಗೆ ಈ ಚಿತ್ರ ಸುಲಭವಾಗಿ ಹಿಡಿಯುತ್ತದೆ. ಡ್ರೈವರು ಪಾಳಿಯ ಬಹುಪಾಲು ಕುಳಿತೇ ಇರುತ್ತಾನೆ. ಕಂಡಕ್ಟರು ಟಿಕೆಟ್ಟಿಗಾಗಿ ಮೇಲಕ್ಕೂ ಕೆಳಕ್ಕೂ ಓಡಾಡಿ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. ಇಬ್ಬರೂ ಒಂದೇ ವರ್ಗದವರು, ಒಂದೇ ಸಂಸ್ಥೆಯ ಸಂಬಳ ತಿನ್ನುವವರು, ಒಂದೇ ಊರಿನ ಗಾಳಿ ಕುಡಿಯುವವರು. 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಹೃದ್ರೋಗಕ್ಕೆ ತುತ್ತಾಗುವವರು ಡ್ರೈವರುಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 2.7, ಕಂಡಕ್ಟರುಗಳಲ್ಲಿ 1.9. ರೋಗ ತಗುಲಿದಾಗಲೂ ಬೇಗನೆ ಸಾಯುವವರ ಪ್ರಮಾಣ ಕಂಡಕ್ಟರುಗಳಲ್ಲಿ ಕಡಿಮೆ. ಅಂಚೆ ಇಲಾಖೆಯನ್ನು ನೋಡಿದಾಗಲೂ ಕಾಗದ ಹಂಚುತ್ತ ತಿರುಗುವ ಅಂಚೆಯವನ ಸ್ಥಿತಿ ಮೇಜಿನ ಮುಂದಿನ ಗುಮಾಸ್ತನದಕ್ಕಿಂತ ಮೇಲಾಗಿತ್ತು.

ಮಾರಿಸರ ದೊಡ್ಡತನವಿರುವುದು ಈ ಫಲಿತಾಂಶವನ್ನು ತಾವೇ ಸಂಶಯಿಸಿದುದರಲ್ಲಿ. ಮೊದಲೇ ಸ್ಥೂಲದೇಹಿಗಳಾದವರು ಡ್ರೈವರುಗಳಾಗುತ್ತಿರಬಹುದಲ್ಲವೆ? ಇದನ್ನು ಪರೀಕ್ಷಿಸಲು ಅವರ ತಂಡ ಹುಡುಕಿಕೊಂಡು ಹೋದದ್ದು ಸಮವಸ್ತ್ರದ ಅಳತೆಗಳನ್ನು! 1956ರಲ್ಲಿ ಪ್ರಕಟವಾದ ಲೆಕ್ಕದಂತೆ, ಎಳೆಯ ವಯಸ್ಸಿನವರಲ್ಲಿ ಕೂಡ ಡ್ರೈವರುಗಳ ಷರಾಯಿಯ ಸೊಂಟದ ಅಳತೆಯೇ ದೊಡ್ಡದು. ಹಾಗಾಗಿ ಮೆಟ್ಟಿಲನ್ನೊಂದನ್ನೇ ಹೊಗಳುವಂತಿರಲಿಲ್ಲ. ಮಾರಿಸ್ ಮುಂದೆ ಕುರ್ಚಿಯ ನೌಕರರನ್ನೇ ಆರಿಸಿಕೊಂಡರು. ಸುಮಾರು 17,000 ಸರಕಾರಿ ಅಧಿಕಾರಿಗಳನ್ನು ಸೋಮವಾರ ಬೆಳಿಗ್ಗೆ ಮುನ್ಸೂಚನೆಯಿಲ್ಲದೆ ಕಂಡು, ಕಳೆದ ಶುಕ್ರವಾರ ಮತ್ತು ಶನಿವಾರ ಬಿಡುವಿನ ವೇಳೆಯಲ್ಲಿ ಏನೇನು ಮಾಡಿದಿರಿ ಎಂದು ಬರೆಸಿಕೊಳ್ಳಲಾಯಿತು. ಎಲ್ಲರದೂ ಕುಳಿತು ಮಾಡುವ ಕೆಲಸವೇ. ಬಿಡುವಿನಲ್ಲಿ ಚುರುಕಾಗಿ ಮೈದಣಿಸುತ್ತಿದ್ದವರಲ್ಲಿ ಹೃದಯಾಘಾತ ಸ್ಪಷ್ಟವಾಗಿ ಕಡಿಮೆಯೆಂದು 1973ರ ವರದಿ ಹೇಳಿತು. ಕಸುಬಿನಿಂದ ಕಳೆದುಹೋದ ಚಲನೆಯನ್ನು ಬಿಡುವಿನಲ್ಲಿ ಮರಳಿ ಪಡೆಯಬಹುದೆಂಬುದಕ್ಕೆ ಆಧಾರ ದೊರೆಯಿತು.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಘಟ್ಟ ಇನ್ನು ಮುಂದಿನದು. ಅಮೆರಿಕದ ರಾಲ್ಫ್ ಪ್ಯಾಫನ್‌ಬಾರ್ಗರ್ ಎಂಬ ವೈದ್ಯರು ಹಾರ್ವರ್ಡ್ ವಿಶ್ವವಿದ್ಯಾನಿಲಯದ 16,936 ಹಳೆಯ ವಿದ್ಯಾರ್ಥಿಗಳ ಆರೋಗ್ಯವನ್ನು ಅಭ್ಯಸಿಸಿ 1978ರಲ್ಲಿ ವರದಿ ಪ್ರಕಟಿಸಿದರು. ಕಾಲೇಜಿನ ದಿನಗಳಲ್ಲಿ ಹೆಸರಾಂತ ಆಟಗಾರರಾಗಿದ್ದು ಆಮೇಲೆ ಮೈಗಳ್ಳರಾದವರಿಗೆ ಹಳೆಯ ಆಟದಿಂದ ಯಾವ ರಕ್ಷಣೆಯೂ ಉಳಿದಿರಲಿಲ್ಲ. ಆಗ ಮೈದಾನವನ್ನೇ ತುಳಿಯದೆ ನಡುವಯಸ್ಸಿನಲ್ಲಿ ನಡಿಗೆ, ಆಟಗಳನ್ನು ರೂಢಿಸಿಕೊಂಡವರಿಗೆ ರಕ್ಷಣೆ ದೊರೆತಿತ್ತು. ಬ್ರಿಟನ್ನಿನಲ್ಲಿ ಮಾರಿಸರು ಕಂಡದ್ದೂ ಇದನ್ನೇ. ವ್ಯಾಯಾಮ ತಾತ ಗಳಿಸಿಟ್ಟ ಆಸ್ತಿಯಂತಲ್ಲ, ಕುಳಿತು ಉಣ್ಣಲು ಬಾರದು. ಅದು ದಿನಗೂಲಿ, ಇಂದಿನದನ್ನು ಇಂದೇ ದುಡಿಯಬೇಕು. ಕಾಲೇಜುಗಳಲ್ಲಿ ನಾನು ಕಂಡ ಕುಸ್ತಿಪಟುಗಳಲ್ಲಿ ಕೆಲವರು ಐವತ್ತು ತುಂಬುವ ಮೊದಲೇ ಮೆಟ್ಟಿಲ ಬಳಿ ನಿಂತು ಏದುಸಿರು ಬಿಡುತ್ತಿದ್ದುದೇಕೆಂದು ಇದನ್ನು ಓದಿದಾಗ ಹೊಳೆಯಿತು. ಹಾಗೆಯೇ ತಡವಾಯಿತೆಂದು ಕೈಚೆಲ್ಲಿದವರಿಗೂ ಇದರಲ್ಲಿ ದೊಡ್ಡ ಭರವಸೆಯಿದೆ.

ಎಷ್ಟು ತಡವಾದರೂ ಸರಿಯೆ? 1994ರಲ್ಲಿ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ನೂರು ಮಂದಿಯ ಮೇಲೆ ನಡೆದ ಪ್ರಯೋಗವಿದೆ. ಅವರ ಸರಾಸರಿ ವಯಸ್ಸು 87. ಅವರಲ್ಲಿ ಒಂದು ಗುಂಪಿನವರಿಂದ ಹತ್ತು ವಾರ ಕಾಲಿನ ಸ್ನಾಯುಗಳಿಗೆ ಕ್ರಮವಾಗಿ ಭಾರ ಕೊಟ್ಟು ಅಭ್ಯಾಸ ಮಾಡಿಸಿದಾಗ ಆ ಸ್ನಾಯುಗಳ ಬಲ ಎರಡರಷ್ಟನ್ನೂ ಮೀರಿತು. ನಡಿಗೆಯ ವೇಗವೂ ಹೆಚ್ಚಿತು. ಇದರ ಬೆಲೆ ನಮ್ಮ ವಯಸ್ಸಿನವರಿಗೆ ಗೊತ್ತು. ಮುಪ್ಪಿನಲ್ಲಿ ಮನುಷ್ಯನ ಮಾನ ಉಳಿಯುವುದು ಪದವಿಪ್ರಶಸ್ತಿಗಳಿಂದಲ್ಲ. ಯಾರ ಕೈಯನ್ನೂ ಬೇಡದೆ ಹಾಸಿಗೆಯಿಂದ ಏಳಬಲ್ಲೆನೆ, ಬಚ್ಚಲಿಗೆ ಹೋಗಿ ಬರಬಲ್ಲೆನೆ ಎಂಬುದರಿಂದ. ಸಾವನ್ನು ದೂಡುವ ಮಾತಿಗಿಂತ ಈ ಸ್ವಾತಂತ್ರ್ಯದ ಮಾತು ನನಗೆ ಹತ್ತಿರದ್ದಾಗಿ ತೋರುತ್ತದೆ.

ಮಧುಮೇಹದ ವಿಷಯದಲ್ಲಿಯೂ ಸುಶ್ರುತನ ನೂರು ಯೋಜನದ ಮಾತಿಗೆ ನಮ್ಮ ಕಾಲದ ಬೆಂಬಲ ಸಿಕ್ಕಿದೆ. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವನ್ನು ಕಾಯದೆಯೂ ರಕ್ತದ ಸಕ್ಕರೆಯನ್ನು ಒಳಗೆಳೆದುಕೊಳ್ಳಬಲ್ಲದು. ಮಧುಮೇಹದ ಹೊಸ್ತಿಲಲ್ಲಿದ್ದ 531 ಭಾರತೀಯರನ್ನು ಮೂರು ವರ್ಷ ಗಮನಿಸಿದ ಚೆನ್ನೈನ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಲ್ಲಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ಆಹಾರದ ಹಿಡಿತದ ಜತೆಗೆ ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆಯನ್ನು ಇಟ್ಟುಕೊಳ್ಳುವಂತೆ ಹೇಳಿಸಿಕೊಂಡವರಲ್ಲಿ ಹಾಗಾದವರು 39 ಮಂದಿ.

‘ಎಷ್ಟು ನಡೆಯಬೇಕು? ಹತ್ತು ಸಾವಿರ ಹೆಜ್ಜೆಯಂತೆ?’ ಎಂದು ಕೇಳುವವರು ಈಗ ಬಹಳ. ಈ ಹತ್ತು ಸಾವಿರ ಯಾವ ವೈದ್ಯಗ್ರಂಥದಿಂದಲೂ ಬಂದುದಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಸೊಂಟಕ್ಕೆ ಕಟ್ಟುವ ಹೆಜ್ಜೆಮಾಪಕವನ್ನು ಮಾರಾಟಕ್ಕೆ ತಂದು ಅದಕ್ಕೆ ‘ಮಾನ್‌ಪೋಕೇ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ, ಎಂದು ಹೆಸರಿಟ್ಟಿತು. ಅಂಗಡಿಯ ಹೆಸರು ಶಾಸ್ತ್ರವಾಯಿತು! 2019ರಲ್ಲಿ ಅಮೆರಿಕದ 16,741 ವೃದ್ಧೆಯರ ಅಧ್ಯಯನ ತೋರಿಸಿದ್ದು ಬೇರೆ. ದಿನಕ್ಕೆ ಸುಮಾರು 2,700 ಹೆಜ್ಜೆ ಇಡುವವರಿಗಿಂತ 4,400 ಇಡುವವರಲ್ಲಿ ಸಾವು ಕಡಿಮೆ; ಈ ಲಾಭ ಹೆಚ್ಚುತ್ತ ಹೋಗಿ ಸುಮಾರು 7,500ರ ಹೊತ್ತಿಗೆ ನಿಂತಿತು. ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಚಟುವಟಿಕೆ ವಯಸ್ಕರಿಗೆ ಬೇಕು ಎಂದ ವಿಶ್ವ ಆರೋಗ್ಯ ಸಂಸ್ಥೆ, ಏನೂ ಇಲ್ಲದುದಕ್ಕಿಂತ ಅಷ್ಟಿಷ್ಟು ಇರುವುದೂ ಮೇಲೆಂದು 2020ರಲ್ಲಿ ಸ್ಪಷ್ಟಪಡಿಸಿತು. ಒಮ್ಮೆಗೆ ಹತ್ತು ನಿಮಿಷವಾದರೂ ಇರಬೇಕೆಂಬ ಹಿಂದಿನ ನಿಬಂಧನೆಯನ್ನೂ ಕೈಬಿಟ್ಟಿತು. ಅರ್ಧ ಶಕ್ತಿಯ ಮತಕ್ಕೆ ಇದೂ ಸಮೀಪವೇ.

ಹಾಗಾದರೆ ಕಷ್ಟವಿರುವುದೆಲ್ಲಿ? ಮಾಡುವುದರಲ್ಲಲ್ಲ, ನಾಳೆಯೂ ಮಾಡುವುದರಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಮಂದಿಗೆ ಒಂದೊಂದು ಹೊಸ ಅಭ್ಯಾಸವನ್ನು ದಿನದ ಒಂದು ನಿಶ್ಚಿತ ಘಟನೆಗೆ, ಎಂದರೆ ಬೆಳಗಿನ ತಿಂಡಿಯಂಥದಕ್ಕೆ, ಗಂಟುಹಾಕಿಕೊಳ್ಳಲು ಹೇಳಿ ಗಮನಿಸಿದರು. 2009ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ಮಾಡಲೋ ಬೇಡವೋ ಎಂದು ಯೋಚಿಸದೆ ತಾನಾಗಿ ಮಾಡುವ ಮಟ್ಟಕ್ಕೆ ಬರಲು ಹಿಡಿದದ್ದು ಸರಾಸರಿ 66 ದಿನ. ಕೆಲವರಿಗೆ 18, ಕೆಲವರಿಗೆ 254. ನೀರು ಕುಡಿಯುವಂಥ ಅಭ್ಯಾಸಕ್ಕಿಂತ ವ್ಯಾಯಾಮಕ್ಕೆ ಹೆಚ್ಚು ದಿನ ಬೇಕಾಯಿತು. ಒಂದು ದಿನ ತಪ್ಪಿದ್ದರಿಂದ ಕಟ್ಟಿದ್ದು ಕೆಡಲಿಲ್ಲವೆಂಬುದೂ ಗಮನಾರ್ಹ. ‘ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ’ ಎಂದು ನಮ್ಮ ಹಳ್ಳಿಯವರು ಹೇಳಿದ್ದೂ ಇದನ್ನೇ. ರೂಢಿಗೆ ಒಳಿತುಕೆಡುಕೆಂಬ ಪಕ್ಷಪಾತವಿಲ್ಲ. ದಿನವೂ ಯಾವುದನ್ನು ಮಾಡಿದೆವೋ ಅದನ್ನೇ ಅದು ಬಲಪಡಿಸುತ್ತದೆ.

ನಮ್ಮ ಪಟ್ಟಣಗಳಲ್ಲಿ ನಡೆಯಲು ಜಾಗವೆಲ್ಲಿದೆ ಎಂಬ ಆಕ್ಷೇಪ ನ್ಯಾಯವಾದುದು. ಕಾಲುದಾರಿಯೆಂಬುದು ವಾಹನ ನಿಲ್ಲಿಸುವ ಜಾಗವಾಗಿರುವ ಊರಿನಲ್ಲಿ ನಡೆಯಿರಿ ಎಂದು ಮುದುಕರಿಗೆ ಉಪದೇಶಿಸುವುದು ಸುಲಭ, ನಡೆಯುವುದು ಕಷ್ಟ. ಮನೆಯ ಹೆಂಗಸರು ಅರ್ಧ ಗಂಟೆ ತಮಗಾಗಿ ಹೊರಗೆ ಹೋಗಲು ಯಾರ ಅನುಮತಿಯೂ ಬೇಡವಾದ ದಿನ ಅನೇಕ ಮನೆಗಳಿಗೆ ಇನ್ನೂ ಬಂದಿಲ್ಲ. ಕಾಲುದಾರಿಯನ್ನು ಪುರಸಭೆಯಿಂದ ಕೇಳಿ ಪಡೆಯಬೇಕು, ಈ ಬಿಡುವನ್ನು ಮನೆಯವರು ತಾವಾಗಿ ಕೊಡಬೇಕು. ಅಲ್ಲಿಯವರೆಗೆ ಮನೆಯ ಮೆಟ್ಟಿಲಿದೆ, ಮಹಡಿಯಿದೆ, ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದಿದೆ.

ಜೆರ್ರಿ ಮಾರಿಸ್ 2009ರಲ್ಲಿ ತಮ್ಮ ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಳಿವಯಸ್ಸಿನಲ್ಲಿಯೂ ಅವರು ಈಜು, ನಡಿಗೆಗಳನ್ನು ಬಿಟ್ಟಿರಲಿಲ್ಲ. ವ್ಯಾಯಾಮ ಮಾಡಿದವರೆಲ್ಲ ನೂರರ ಹತ್ತಿರ ಬಾಳುತ್ತಾರೆಂದು ಇದರಿಂದ ತೀರ್ಮಾನಿಸಲಾಗದು. ಒಬ್ಬರ ಆಯುಸ್ಸು ಲೆಕ್ಕವಾಗದೆಂದು ಅವರ ಶಾಸ್ತ್ರವೇ ಹೇಳುತ್ತದೆ. ಸಾವಿರಾರು ಜನರ ಲೆಕ್ಕದಿಂದ ತಾವು ಕಂಡುಕೊಂಡುದನ್ನು ಅವರು ತಮ್ಮ ದಿನಚರಿಯಲ್ಲಿಯೂ ಉಳಿಸಿಕೊಂಡರು ಎಂಬುದಷ್ಟೇ ಇಲ್ಲಿ ಹೇಳತಕ್ಕದ್ದು. ನಾವು ಮಾಡಬೇಕಾದುದೂ ಅಷ್ಟೇ. ಅದಕ್ಕೆ ನಮ್ಮ ಶಕ್ತಿಯ ಅರ್ಧ ಸಾಕು.