ಬುಕ್ ಮಾಡಿದ ಕಾರಿಗೆ ಶೋರೂಮಿನವರು ಹೆಚ್ಚು ಹಣ ಕೇಳಿದರೆ ಏನು ಮಾಡಬೇಕು?

ಔರಾದ ಶಹಾಜನಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆ, ನಿಲಂಗಾ ತಾಲೂಕಿನ ಗಡಿ ಊರು. ಇಲ್ಲಿಂದ ಕಾರು ಕೊಳ್ಳಲು ಲಾತೂರ್, ಉದ್ಗೀರ್‌ಗೂ ಹೋಗಬಹುದು, ಗಡಿ ದಾಟಿ ಬೀದರ್‌ಗೂ ಬರಬಹುದು. ಬೇಕಾದ ಬಣ್ಣ, ಬೇಕಾದ ಮಾಡೆಲ್ ಸ್ಟಾಕ್ ಇಲ್ಲದಿದ್ದರೆ ಅಡ್ವಾನ್ಸ್ ಕೊಟ್ಟು ತಿಂಗಳುಗಟ್ಟಲೆ ಕಾಯಬೇಕು. 'ಗಾಡಿ ಬಂತು' ಎಂದು ಫೋನ್ ಬಂದಾಗ ಸೋಯಾಬೀನ್ ಮಾರಿ ಕೂಡಿಟ್ಟ ಹಣ ಹಿಡಿದು ಹೋದರೆ, ಬಿಲ್ಲು ಮೊದಲು ಹೇಳಿದ್ದಕ್ಕಿಂತ ಜಾಸ್ತಿ! ಇದರಲ್ಲಿ ಕೊಡಲೇಬೇಕಾದ್ದು ಯಾವುದು, ಬೇಡ ಎನ್ನಬಹುದಾದ್ದು ಯಾವುದು?

ಕೊಡಬೇಕಾದ್ದು: ಎಕ್ಸ್ ಶೋರೂಮ್ ಬೆಲೆ (ಜಿಎಸ್‌ಟಿ ಇದರಲ್ಲೇ ಸೇರಿದೆ), ರಸ್ತೆ ತೆರಿಗೆ, ನೋಂದಣಿ ಶುಲ್ಕ, ವಿಮೆ. ಬೆಲೆ 10 ಲಕ್ಷ ರೂ. ದಾಟಿದರೆ ಶೇ. 1ರಷ್ಟು ಟಿಸಿಎಸ್, ಇದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು.

ಬೇಡ ಎನ್ನಬಹುದಾದ್ದು: ಸೀಟ್ ಕವರ್, ಕೋಟಿಂಗ್, ಎಕ್ಸ್‌ಟೆಂಡೆಡ್ ವಾರಂಟಿ, ಹ್ಯಾಂಡ್ಲಿಂಗ್ ಚಾರ್ಜ್. ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಆದರೆ ಅದನ್ನು ಶೋರೂಮಿನಲ್ಲೇ ಮಾಡಿಸಬೇಕೆಂದಿಲ್ಲ. 'ಎಕ್ಸೆಸರೀಸ್ ತಗೊಂಡ್ರೆ ಮಾತ್ರ ಗಾಡಿ' ಎನ್ನುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(41)ರ ಪ್ರಕಾರ ನಿರ್ಬಂಧಕ ವ್ಯಾಪಾರ ಪದ್ಧತಿ.

ಬೆಲೆ ಏರಿದ್ದರೆ? ಬುಕಿಂಗ್ ಫಾರ್ಮಿನಲ್ಲಿ ಸಾಮಾನ್ಯವಾಗಿ 'ಡೆಲಿವರಿ ದಿನದ ಬೆಲೆ ಅನ್ವಯ' ಎಂದಿರುತ್ತದೆ. ಕಂಪೆನಿಯೇ ಬೆಲೆ ಏರಿಸಿದ್ದರೆ ಈ ಷರತ್ತನ್ನು ಶೋರೂಮಿನವರು ಮುಂದಿಡುತ್ತಾರೆ. ಆದರೆ ಒಪ್ಪಿದ ಅವಧಿ ಮೀರಿ ತಡಮಾಡಿ, ಅದರಿಂದ ಬೆಲೆ ಏರಿದರೆ ಅದೂ ಅದೇ ಸೆಕ್ಷನ್‌ನಡಿ ಬರುತ್ತದೆ. ಆದ್ದರಿಂದ ಡೆಲಿವರಿ ದಿನಾಂಕ, ಮಾಡೆಲ್, ಬಣ್ಣ, ಬೆಲೆ, ಕ್ಯಾನ್ಸಲ್ ಮಾಡಿದರೆ ಅಡ್ವಾನ್ಸ್ ಎಷ್ಟು ವಾಪಸ್ ಎಂಬುದನ್ನೆಲ್ಲ ಬುಕಿಂಗ್ ದಿನವೇ ಬರೆಸಿಕೊಳ್ಳಿ. ಬಾಯಿಮಾತು ಸಾಲದು. ಹಣಕ್ಕೆ ರಸೀದಿ ಪಡೆಯಿರಿ.

ಗಡಿಯವರು ಗಮನಿಸಿ: ವಾಹನ ಇರುವ ರಾಜ್ಯದಲ್ಲೇ ಕಾಯಂ ನೋಂದಣಿ ಆಗಬೇಕು. ಬೀದರ್‌ನಲ್ಲಿ ಕೊಂಡು ಔರಾದ ಶಹಾಜನಿಯಲ್ಲಿ ಇಡುವವರು ತಾತ್ಕಾಲಿಕ ನೋಂದಣಿ ಮಾಡಿಸಿ ಮಹಾರಾಷ್ಟ್ರದಲ್ಲಿ ತೆರಿಗೆ ಕಟ್ಟಬೇಕು. ಹಾಗಾಗಿ ಬೀದರ್‌ನ 'ಆನ್ ರೋಡ್' ಬೆಲೆ ನೋಡಿ ಲೆಕ್ಕ ಹಾಕಬೇಡಿ. ಎರಡೂ ಕಡೆಯ ಎಕ್ಸ್ ಶೋರೂಮ್ ಬೆಲೆ ಹೋಲಿಸಿ, ನಿಮ್ಮ ರಾಜ್ಯದ ತೆರಿಗೆ ಸೇರಿಸಿ.

ದೂರು ಎಲ್ಲಿ? ಮೊದಲು ಶೋರೂಮ್ ಮ್ಯಾನೇಜರ್‌ಗೆ ಬರವಣಿಗೆಯಲ್ಲಿ ಕೇಳಿ, ಪ್ರತಿಯನ್ನು ಕಂಪೆನಿಗೂ ಇಮೇಲ್ ಮಾಡಿ. ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ 50 ಲಕ್ಷ ರೂ. ಒಳಗಿದ್ದರೆ ಅಲ್ಲೇ ದೂರು ಕೊಡಬಹುದು. 5 ಲಕ್ಷದವರೆಗೆ ಶುಲ್ಕವಿಲ್ಲ. ಕಾರು ಕೊಂಡದ್ದು ಬೀದರ್‌ನಲ್ಲಾದರೂ ನೀವು ವಾಸಿಸುವ ಲಾತೂರ್ ಜಿಲ್ಲೆಯಲ್ಲೇ ದೂರು ಸಲ್ಲಿಸುವ ಹಕ್ಕು ನಿಮಗಿದೆ. 2 ವರ್ಷದೊಳಗೆ ಸಲ್ಲಿಸಬೇಕು.

ತುರ್ತಾಗಿ ಗಾಡಿ ಬೇಕಾಗಿ ಹೆಚ್ಚಿನ ಹಣ ಕೊಡಲೇಬೇಕಾಗಿ ಬಂದರೆ, ಬಿಲ್ಲಿನಲ್ಲಿ ಅದನ್ನು ಪ್ರತ್ಯೇಕವಾಗಿ ಬರೆಸಿ, 'ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ' ಎಂದು ಅದೇ ದಿನ ಇಮೇಲ್ ಕಳಿಸಿ. ಮುಂದೆ ಕೇಸು ಹಾಕುವಾಗ ಅದು ಒಳ್ಳೆಯ ಸಾಕ್ಷಿ.